ಬ್ರೌಸರಿನ ವೇಷವೂ ಕಚೇರಿಯ ಬಾಗಿಲೂ

ಬಂದವನ ಯೋಗ್ಯತೆಯನ್ನು ನೋಡದೆ ಹೆಸರನ್ನು ಮಾತ್ರ ಕೇಳಿ ಒಳಗೆ ಬಿಡುವ ಬಾಗಿಲು ಎಲ್ಲಿರುವುದೋ ಅಲ್ಲಿ ಸುಳ್ಳು ಹೆಸರು ಹುಟ್ಟಿಯೇ ತೀರುವುದು. ಕೋಟೆಗಳ ಕಾಲದಿಂದ ನಡೆದುಬಂದ ಮಾತಿದು. ರಾಯಚೂರಿನ ಕೋಟೆಯ ದರ್ವಾಜೆಗಳನ್ನು ದಿನವೂ ಹಾಯ್ದು ಹೋಗುವವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಇಂದು ನಮ್ಮ ಜನರು ದಾಟಬೇಕಾದ ಬಾಗಿಲುಗಳು ಕಲ್ಲಿನವಲ್ಲ. ಪಹಣಿ, ಪಡಿತರ ಚೀಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಜಾಲತಾಣಗಳ ಒಳಗೆ ಸೇರಿವೆ. ಆ ಬಾಗಿಲಿಗೆ ನಮ್ಮ ಪರವಾಗಿ ಹೋಗಿ ನಿಲ್ಲುವ ದೂತನೇ ಬ್ರೌಸರು. ಈ ದೂತನು ಬಾಗಿಲಲ್ಲಿ ತನ್ನ ಹೆಸರನ್ನು ಹೇಳುವಾಗ ಕಳೆದ ಮೂವತ್ತು ವರ್ಷಗಳಿಂದ ವೇಷ ಹಾಕಿಕೊಂಡೇ ಹೇಳುತ್ತಿದ್ದಾನೆಂಬ ಸಂಗತಿಯು ತಂತ್ರಜ್ಞರಿಗೆ ಹಳೆಯದಾದರೂ ನಮ್ಮ ಸಾರ್ವಜನಿಕರ ಗಮನಕ್ಕೆ ಬಂದಂತಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಸ್ವದೇಶಿ ಬ್ರೌಸರೊಂದು ಬೇಕೆಂದು ಕೇಂದ್ರ ಸರಕಾರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರ ಆಗಸ್ಟಿನಲ್ಲಿ ಸ್ಪರ್ಧೆಯನ್ನು ಸಾರಿತು. ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯು ಅದಕ್ಕೆ ಆಧಾರವಾಗಿ ನಿಂತಿತು. 2025ರ ಮಾರ್ಚಿನಲ್ಲಿ ಝೋಹೋ ಸಂಸ್ಥೆಯ ‘ಉಲಾ’ ಎಂಬ ಬ್ರೌಸರಿಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನವು ದೊರೆಯಿತು. ದೇಶಾಭಿಮಾನಿಗಳು ಹರ್ಷಪಡತಕ್ಕ ಸಂಗತಿಯೇ ಸರಿ. ಆದರೆ ಬ್ರೌಸರು ನಮ್ಮದಾದ ಮಾತ್ರಕ್ಕೆ ಬಾಗಿಲು ನಮ್ಮದಾಗುವುದೇ ಎಂಬ ಪ್ರಶ್ನೆಯನ್ನು ಇದರ ಜೊತೆಗೇ ಕೇಳಬೇಕಾಗಿದೆ. ದೇವದುರ್ಗದ ರೈತನಿಗೂ ಮಾನ್ವಿಯ ವಿದ್ಯಾರ್ಥಿಗೂ ಸಂಬಂಧಪಟ್ಟದ್ದು ಈ ಎರಡನೆಯ ಪ್ರಶ್ನೆ.

ಮೊದಲು ಕ್ರಮವನ್ನು ತಿಳಿದುಕೊಳ್ಳೋಣ. ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ನಾವು ಒಂದು ಜಾಲತಾಣವನ್ನು ತೆರೆದಾಗ, ಬ್ರೌಸರು ಆ ತಾಣದ ಕಂಪ್ಯೂಟರಿಗೆ ಒಂದು ಕೋರಿಕೆಯನ್ನು ಕಳುಹಿಸುವುದು. ಅರ್ಜಿಯ ತಲೆಯಲ್ಲಿ ಅರ್ಜಿದಾರನ ವಿವರ ಇರುವಂತೆ ಆ ಕೋರಿಕೆಯ ತಲೆಯಲ್ಲಿಯೂ ಕೆಲವು ಸಾಲುಗಳಿರುತ್ತವೆ. ಅವುಗಳಲ್ಲೊಂದಕ್ಕೆ ‘ಯೂಸರ್ ಏಜೆಂಟ್’ ಎಂದು ಹೆಸರು. ಬಳಸುವವನ ಪ್ರತಿನಿಧಿ ಯಾರೆಂಬುದನ್ನು ತಿಳಿಸುವ ಸಾಲದು. ವಿಂಡೋಸ್ ಕಂಪ್ಯೂಟರಿನ ಕ್ರೋಮ್ ಬ್ರೌಸರು ಈ ಸಾಲಿನಲ್ಲಿ ಏನನ್ನು ಬರೆಯುವುದೆಂಬುದನ್ನು ವಾಚಕರು ನೋಡಲಿ: ‘ಮೊಜಿಲ್ಲಾ/5.0 (ವಿಂಡೋಸ್ ಎನ್‌ಟಿ 10.0, ವಿನ್64, ಎಕ್ಸ್64) ಆಪಲ್‌ವೆಬ್‌ಕಿಟ್/537.36 (ಕೆಎಚ್‌ಟಿಎಮ್‌ಎಲ್, ಲೈಕ್ ಗೆಕೊ)’, ಆ ಬಳಿಕ ‘ಕ್ರೋಮ್’ ಎಂಬ ಹೆಸರು, ಕೊನೆಗೆ ‘ಸಫಾರಿ/537.36’. ಮೊಜಿಲ್ಲಾ ಎಂಬುದು ಬೇರೊಂದು ವಂಶದ ಹೆಸರು. ಸಫಾರಿಯು ಆಪಲ್ ಕಂಪನಿಯ ಬ್ರೌಸರು. ‘ಲೈಕ್ ಗೆಕೊ’ ಎಂದರೆ ‘ಗೆಕೊವಿನಂಥದು’ ಎಂದರ್ಥ. ಒಬ್ಬನೇ ಮನುಷ್ಯನು ಬಾಗಿಲಲ್ಲಿ ನಿಂತು ನಾಲ್ಕು ಮನೆತನಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ, ನಡುವೆ ಎಲ್ಲಿಯೋ ತನ್ನದನ್ನು ಸೇರಿಸಿದಂತಾಯಿತು. ಕಂಪ್ಯೂಟರಿನಲ್ಲಿರುವುದು ವಿಂಡೋಸ್ 11 ಆದರೂ ಸಾಲಿನಲ್ಲಿ ಬರುವುದು 10.0 ಎಂದೇ.

ಇದು ಹೀಗಾದ ಕಥೆ ಸ್ವಾರಸ್ಯವಾಗಿದೆ. 1993ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರದಿಂದ ‘ಮೊಸಾಯಿಕ್’ ಎಂಬ ಬ್ರೌಸರು ಹೊರಬಂದಿತು; ಅದು ತನ್ನ ಹೆಸರನ್ನು ಇದ್ದಂತೆ ಹೇಳುತ್ತಿತ್ತು. 1994ರಲ್ಲಿ ನೆಟ್‌ಸ್ಕೇಪ್ ಬಂದಿತು. ಮೊಸಾಯಿಕನ್ನು ಮೀರಿಸಬೇಕೆಂಬ ಹಟದಿಂದ ಅದರ ನಿರ್ಮಾಪಕರು ಅದಕ್ಕೆ ‘ಮೊಜಿಲ್ಲಾ’ ಎಂಬ ಒಳಹೆಸರನ್ನಿಟ್ಟಿದ್ದರು. ಕೋರಿಕೆಯ ತಲೆಯಲ್ಲಿ ಬರೆದುದೂ ಅದನ್ನೇ. ಪುಟವನ್ನು ಹೋಳುಮಾಡಿ ತೋರಿಸುವ ಫ್ರೇಮ್ ಮೊದಲಾದ ಹೊಸ ಸೌಕರ್ಯಗಳನ್ನು ನೆಟ್‌ಸ್ಕೇಪ್ ತಂದಾಗ, ಜಾಲತಾಣಗಳವರು ಮೊಜಿಲ್ಲಾ ಎಂದವರಿಗೆ ಚೆಂದದ ಪುಟವನ್ನೂ ಉಳಿದವರಿಗೆ ಸಾದಾ ಪುಟವನ್ನೂ ಕೊಡತೊಡಗಿದರು. ಪಂಕ್ತಿಭೇದವು ಇಲ್ಲಿಂದ ಆರಂಭವಾಯಿತು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದಾಗ ಅದಕ್ಕೂ ಒಳ್ಳೆಯ ಪಂಕ್ತಿಯಲ್ಲಿ ಕೂಡುವ ಆಸೆ. ಅದು ‘ಮೊಜಿಲ್ಲಾ’ ಎಂದು ಹೇಳಿಕೊಂಡು, ಆವರಣದಲ್ಲಿ ‘ಅದಕ್ಕೆ ಹೊಂದುವಂಥದು’ ಎಂದು ಸಣ್ಣಗೆ ಸೇರಿಸಿ, ಆಮೇಲೆ ತನ್ನ ಹೆಸರನ್ನು ಬರೆಯಿತು. ಕಾವಲುಗಾರನು ಮೊದಲ ಪದವನ್ನಷ್ಟೇ ಕೇಳುತ್ತಾನೆಂಬುದು ಅದಕ್ಕೆ ತಿಳಿದಿತ್ತು.

ಆಮೇಲೆ ಬಂದವರೆಲ್ಲ ಈ ಮೇಲ್ಪಂಕ್ತಿಯನ್ನೇ ಹಿಡಿದರು. ಲಿನಕ್ಸ್ ಬಳಗದ ಕಾಂಕರರ್ ಬ್ರೌಸರು ಗೆಕೊವಿನಂಥದು ಎಂದಿತು. 2003ರ ಜನವರಿಯಲ್ಲಿ ಆಪಲ್ ಕಂಪನಿಯು ಕಾಂಕರರಿನ ತಂತ್ರಾಂಶವನ್ನು ತಳಹದಿ ಮಾಡಿಕೊಂಡು ಸಫಾರಿಯನ್ನು ಹೊರಡಿಸಿದಾಗ ಅದರ ಮಾತುಗಳನ್ನೂ ಉಳಿಸಿಕೊಂಡಿತು. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್, ಸಫಾರಿಯ ಹೆಸರನ್ನು ಬಾಲದಲ್ಲಿ ಕಟ್ಟಿಕೊಂಡಿತು. 2015ರಲ್ಲಿ ಬಂದ ಎಡ್ಜ್, ಕ್ರೋಮ್ ಮತ್ತು ಸಫಾರಿ ಎರಡನ್ನೂ ಹೇಳಿ ಕಟ್ಟಕಡೆಗೆ ತನ್ನನ್ನು ಹೇಳಿಕೊಂಡಿತು. ಒಂದು ಕಾಲಕ್ಕೆ ಎಲ್ಲರನ್ನೂ ತನ್ನ ಮುಂದೆ ಬಾಗಿಸಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರೇ 2013ರ ಹನ್ನೊಂದನೆಯ ಆವೃತ್ತಿಯಲ್ಲಿ ತನ್ನ ಹಳೆಯ ಗುರುತನ್ನು ಬಿಟ್ಟು ‘ಗೆಕೊವಿನಂಥವನು’ ಎಂದು ವೇಷ ಹಾಕಿತು. ಕಾಲಚಕ್ರವು ಯಾರನ್ನು ಬಿಟ್ಟಿದೆ?

ಹಿಂದಿನವರ ಹೆಸರನ್ನು ಇಟ್ಟುಕೊಳ್ಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ನಮ್ಮ ಜಿಲ್ಲೆಯೇ ಅದಕ್ಕೊಂದು ಉಜ್ವಲವಾದ ನಿದರ್ಶನವನ್ನು ಕೊಟ್ಟಿದೆ. ಪುರಂದರವಿಠಲ ಎಂಬ ಅಂಕಿತದ ದಾರಿಯಲ್ಲಿ ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು ವಿಜಯವಿಠಲ ಎಂದರು. ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ಗೋಪಾಲವಿಠಲ ಎಂದರು. ಮಾನ್ವಿಯ ಜಗನ್ನಾಥದಾಸರು ಜಗನ್ನಾಥವಿಠಲ ಎಂದರು. ವಿಠಲನೆಂಬ ಹೆಸರು ಎಲ್ಲರಲ್ಲಿಯೂ ಉಳಿಯಿತು, ಆದರೂ ಇದು ಯಾರ ಪದವೆಂಬುದು ಕೇಳಿದೊಡನೆ ತಿಳಿಯಿತು. ಪರಂಪರೆಯೂ ಉಂಟು, ನಿಜವೂ ಉಂಟು. ಬ್ರೌಸರಿನ ಸಾಲಿನಲ್ಲಿರುವ ಹೆಸರುಗಳು ಹಾಗಲ್ಲ. ಅವು ಗೌರವದಿಂದ ಸೇರಿದವುಗಳಲ್ಲ, ಭಯದಿಂದ ಸೇರಿದವುಗಳು; ಹೇಳದಿದ್ದರೆ ಹೊರಗೆ ನಿಲ್ಲಿಸಿಯಾರೆಂಬ ಭಯ.

ಆ ಭಯವು ಹುಸಿಯಲ್ಲ. ಒಪೆರಾ ಎಂಬ ಬ್ರೌಸರು 2009ರಲ್ಲಿ ತನ್ನ ಹತ್ತನೆಯ ಆವೃತ್ತಿಯನ್ನು ಹೊರಡಿಸಿದಾಗ, ಕೆಲವು ಜಾಲತಾಣಗಳು ಹತ್ತರಲ್ಲಿಯ ಒಂದನ್ನಷ್ಟೇ ಓದಿ ಇದು ಮೊದಲನೆಯ ಆವೃತ್ತಿ, ತೀರ ಹಳೆಯದು ಎಂದು ಬಗೆದವು. ಒಪೆರಾದವರು ಸಾಲಿನ ಆರಂಭದಲ್ಲಿ 9.80 ಎಂದೇ ಬರೆದು ನಿಜವಾದ ಸಂಖ್ಯೆಯನ್ನು ಕೊನೆಗೆ ಇಡಬೇಕಾಯಿತು. ವಿವಾಲ್ಡಿ ಎಂಬ ಬ್ರೌಸರು 2019ರ ಡಿಸೆಂಬರಿನಲ್ಲಿ ತನ್ನ ಹೆಸರನ್ನು ಹೇಳುವುದನ್ನೇ ಬಹುಮಟ್ಟಿಗೆ ಬಿಟ್ಟು ಕ್ರೋಮ್ ಎಂದು ಹೇಳಿಕೊಳ್ಳಲಾರಂಭಿಸಿತು. ನಿಜ ಹೇಳಿದರೆ ದೊಡ್ಡ ದೊಡ್ಡ ತಾಣಗಳೇ ತಡೆಯುತ್ತಿದ್ದವು, ಸುಳ್ಳು ಹೇಳಿದರೆ ಅದೇ ಪುಟ ಅದೇ ಬ್ರೌಸರಿನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತಿತ್ತು. ಫೈರ್‌ಫಾಕ್ಸ್ ತನ್ನ 110ನೆಯ ಆವೃತ್ತಿಯನ್ನು ತಲುಪಿದಾಗ, ಸಾಲಿನೊಳಗಿನ ಒಂದು ಸಂಖ್ಯೆಯ ಮೊದಲೆರಡು ಅಂಕಿಗಳಾದ 11ನ್ನು ಕಂಡು ‘ಇದು ಹಳೆಯ ಎಕ್ಸ್‌ಪ್ಲೋರರ್ 11’ ಎಂದು ಕೆಲವು ತಾಣಗಳು ಭ್ರಮಿಸುತ್ತಿದ್ದುದರಿಂದ, ಅದು ಹತ್ತು ಆವೃತ್ತಿಗಳವರೆಗೆ ಆ ಸ್ಥಾನದಲ್ಲಿ 109 ಎಂದೇ ಬರೆಯಿತು. ನಿಜ ಹೇಳಿದವನಿಗೆ ದಂಡ, ಸುಳ್ಳು ಹೇಳಿದವನಿಗೆ ಪ್ರವೇಶ ಎಂಬ ನ್ಯಾಯವು ನಡೆಯುವಲ್ಲಿ ದೂತನನ್ನು ಹಳಿದು ಫಲವೇನು?

ಅಂತರ್ಜಾಲದ ನಿಯಮಗಳನ್ನು ಬರೆದವರ ಉದ್ದೇಶವು ಬೇರೆಯಾಗಿತ್ತು. 1996ರ ಮೇ ತಿಂಗಳ ನಿಯಮಾವಳಿಯಲ್ಲಿ ಈ ಸಾಲಿಗೆ ಮೂರು ಪ್ರಯೋಜನಗಳನ್ನು ಹೇಳಿದೆ: ಅಂಕಿಸಂಖ್ಯೆಗಾಗಿ, ನಿಯಮ ತಪ್ಪಿದವರನ್ನು ಪತ್ತೆಹಚ್ಚುವುದಕ್ಕಾಗಿ, ಯಾವುದಾದರೂ ಬ್ರೌಸರಿನಲ್ಲಿ ಕೊರತೆಯಿದ್ದರೆ ಅದಕ್ಕೆ ತಕ್ಕಂತೆ ಪುಟವನ್ನು ಹೊಂದಿಸಿ ಕೊಡುವುದಕ್ಕಾಗಿ. ಅಂದರೆ ದುರ್ಬಲನಿಗೆ ಅನುಕೂಲ ಮಾಡಿಕೊಡಲೆಂದು ಹೆಸರು ಕೇಳಿದುದು, ಅವನನ್ನು ಹೊರಗಟ್ಟಲೆಂದಲ್ಲ. ಇನ್ನೊಬ್ಬರ ಹೆಸರನ್ನು ಹೇಳಿಕೊಂಡು ಹೊಂದಿಕೆಯನ್ನು ಸಾರಬೇಡಿರಿ, ಅದರಿಂದ ಈ ಸಾಲಿನ ಉದ್ದೇಶವೇ ಕೆಡುವುದು ಎಂದು 2014ರ ಮತ್ತು 2022ರ ನಿಯಮಾವಳಿಗಳು ಬುದ್ಧಿವಾದ ಹೇಳಿವೆ. ಬುದ್ಧಿವಾದವು ತಡವಾಗಿ ಬಂದಿತೆನ್ನದೆ ವಿಧಿಯಿಲ್ಲ. ಸರಿಯಾದ ದಾರಿಯು ತಂತ್ರಜ್ಞರಿಗೆ ತಿಳಿಯದುದೇನೂ ಅಲ್ಲ: ‘ನೀನು ಯಾರು?’ ಎಂದು ಕೇಳದೆ ‘ಈ ಕೆಲಸ ನಿನಗೆ ಬರುವುದೇ?’ ಎಂದು ಪುಟವೇ ಬ್ರೌಸರನ್ನು ಪರೀಕ್ಷಿಸಿ ನೋಡಬಹುದು. ಬಂದರೆ ಪೂರ್ಣ ಸೌಕರ್ಯ, ಬಾರದಿದ್ದರೆ ಸರಳ ರೂಪದಲ್ಲಿಯಾದರೂ ಅದೇ ಸೇವೆ. ಸಾಮರ್ಥ್ಯವನ್ನು ನೋಡುವಲ್ಲಿ ವೇಷಕ್ಕೆ ಕೆಲಸವಿಲ್ಲ.

ಈಗ ನಮ್ಮ ಕಚೇರಿಗಳ ಕಡೆಗೆ ತಿರುಗೋಣ. ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದುದರಲ್ಲಿ ಕರ್ನಾಟಕವು ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು 177 ತಾಲೂಕು ಕೇಂದ್ರಗಳ ಮೂಲಕ ಒದಗಿಸಿತು. ಆಗ ರೈತನು ಕೇಂದ್ರಕ್ಕೆ ಬರುತ್ತಿದ್ದನು, ಕಂಪ್ಯೂಟರು ಸರಕಾರದ್ದು, ಬ್ರೌಸರಿನ ಚಿಂತೆ ಅವನದಲ್ಲ. ಈಗ ಕಾಲವು ಬದಲಾಗಿದೆ. ಸೇವೆಯು ಅಂತರ್ಜಾಲಕ್ಕೆ ಬಂದಿದೆ. ಬ್ರೌಸರು ರೈತನ ಕಿಸೆಯಲ್ಲಿದೆ. ದೇವದುರ್ಗದಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವನು ಊರಿನ ಪಹಣಿಯನ್ನು ನೋಡಬೇಕಾದರೆ ಅವನ ಸಾಧನವು ಅಗ್ಗದ ಮೊಬೈಲೊಂದೇ. ಅದರ ಬ್ರೌಸರು ಯಾವುದು, ಯಾವ ವರ್ಷದ್ದು ಎಂಬುದನ್ನು ಅವನು ಆರಿಸಿಕೊಂಡವನಲ್ಲ.

ಅಂಥವನಿಗೆ ‘ಇಂಥ ಬ್ರೌಸರಿನಲ್ಲಿ ಮಾತ್ರ ನೋಡಿರಿ’ ಎಂಬ ಫಲಕವನ್ನು ತೋರಿಸುವುದು ಎಂಥ ಆಡಳಿತ? ಈ ಫಲಕವು ಬಹುಕಾಲ ನಮ್ಮ ದೇಶದ ಅನೇಕ ಸರಕಾರಿ ತಾಣಗಳ ಅಡಿಯಲ್ಲಿ ಮೆರೆಯಿತು. ಹೆಸರು ಮಾತ್ರ ಇಂಟರ್ನೆಟ್ ಎಕ್ಸ್‌ಪ್ಲೋರರಿನದು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಕಂಪನಿಯೇ ಆ ಬ್ರೌಸರಿಗೆ ವಿದಾಯ ಹೇಳಿತು. ಅದನ್ನು ನಂಬಿ ಕಟ್ಟಿದ ಹಳೆಯ ತಾಣಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ‘ಐಇ ಮೋಡ್’ ಎಂಬ ಏರ್ಪಾಡನ್ನು ಮಾಡಿ, ಕನಿಷ್ಠ 2029ರವರೆಗೆ ನಡೆಸುವೆವೆಂದು ಹೇಳಿದ್ದಾರೆ. ತೀರಿಹೋದವನ ಹೆಸರಿನಲ್ಲಿ ಬದುಕಿರುವವನು ಹಾಜರಿ ಹಾಕುವ ವಿಚಿತ್ರವಿದು. ಸರಕಾರಿ ತಾಣಗಳಿಗಾಗಿ ಕೇಂದ್ರವು 2009ರಲ್ಲಿಯೇ ಮಾರ್ಗಸೂತ್ರಗಳನ್ನು ಹೊರಡಿಸಿ ಬೇರೆ ಬೇರೆ ಬ್ರೌಸರುಗಳಲ್ಲಿ ಪರೀಕ್ಷೆ ನಡೆಸಬೇಕೆಂದು ಹೇಳಿದೆ. ಅದರ ಮೂರನೆಯ ಆವೃತ್ತಿಯು 2023ರಲ್ಲಿ ಬಂದಿದೆ. 2010ರಲ್ಲಿ ಮುಕ್ತ ಮಾನಕಗಳ ನೀತಿಯೂ ಬಂದಿತು. ಕೊರತೆಯಿರುವುದು ನಿಯಮದಲ್ಲಲ್ಲ, ಗುತ್ತಿಗೆದಾರನು ತಾಣವನ್ನು ಒಪ್ಪಿಸಿದ ದಿನ ಅದನ್ನು ಅಗ್ಗದ ಮೊಬೈಲಿನಲ್ಲಿ ತೆರೆದು ನೋಡುವ ಅಧಿಕಾರಿಯಲ್ಲಿ.

ಸ್ವದೇಶಿ ಬ್ರೌಸರಿನ ಪ್ರಶ್ನೆಯನ್ನೂ ಇದೇ ಬೆಳಕಿನಲ್ಲಿ ನೋಡತಕ್ಕದ್ದು. ಇದು ಮೊದಲ ಪ್ರಯತ್ನವಲ್ಲ. 2010ರ ಜುಲೈಯಲ್ಲಿ ನಮ್ಮ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆಯು ‘ಎಪಿಕ್’ ಎಂಬ ಬ್ರೌಸರನ್ನು ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಕರ್ಯದೊಡನೆ ಹೊರಡಿಸಿತ್ತು. ಅದರ ತಳಹದಿ ಮೊಜಿಲ್ಲಾದ್ದು. 2013ರಲ್ಲಿ ಅದು ಕ್ರೋಮಿಯಂ ತಳಹದಿಗೆ ಬದಲಾಯಿತು. ಉಲಾ ಬ್ರೌಸರಿನ ತಳಹದಿಯೂ ಕ್ರೋಮಿಯಮ್ಮೇ. ಮುಕ್ತವಾಗಿ ದೊರೆತ ತಳಹದಿಯ ಮೇಲೆ ಮನೆ ಕಟ್ಟುವುದರಲ್ಲಿ ಅವಮಾನವಿಲ್ಲ. ಆದರೆ ಕ್ರೋಮಿಯಂ ವಂಶದ ಬ್ರೌಸರು ಎಲ್ಲಿಯದೇ ಆಗಲಿ, ಬಾಗಿಲಲ್ಲಿ ಹೇಳುವುದು ಮೊಜಿಲ್ಲಾದಿಂದ ಮೊದಲಾಗುವ ಆ ಹಳೆಯ ಪಾಠವನ್ನೇ. ನಮ್ಮ ದೂತನು ನಮ್ಮದೇ ಕಚೇರಿಯ ಬಾಗಿಲಲ್ಲಿ ನಾಲ್ಕು ಪರದೇಶಿ ಮನೆತನಗಳ ಹೆಸರನ್ನು ಹೇಳಿ ಒಳಗೆ ಹೋಗಬೇಕಾದರೆ ಅದು ಸ್ವರಾಜ್ಯದ ಲಕ್ಷಣವಲ್ಲ. ಇದಕ್ಕೆ ಮದ್ದೆಂದು ‘ಸರಕಾರಿ ತಾಣಗಳು ಸ್ವದೇಶಿ ಬ್ರೌಸರಿನಲ್ಲಿ ಮಾತ್ರ ತೆರೆಯಲಿ’ ಎಂದು ಯಾರಾದರೂ ಹೇಳಿದರೆ ನಾವು ಅದನ್ನು ಸರ್ವಥಾ ಒಪ್ಪಲಾರೆವು. ಅದು ಹಳೆಯ ಫಲಕಕ್ಕೆ ಖಾದಿಯ ಬಟ್ಟೆ ಹೊದಿಸಿದಂತಾದೀತು.

ದಕ್ಷಿಣ ಕೊರಿಯಾದ ಅನುಭವವು ಈ ವಿಷಯದಲ್ಲಿ ಪಾಠವಾಗಬೇಕು. ಆ ದೇಶವು 1990ರ ದಶಕದ ಕೊನೆಯಲ್ಲಿ ತನ್ನದೇ ಆದ ರಹಸ್ಯಲಿಪಿಯನ್ನು ರೂಪಿಸಿ ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ಬಳಸಿತು. ಉದ್ದೇಶವು ಸ್ವಾವಲಂಬನೆಯದೇ. ಆದರೆ ಆ ಲಿಪಿಯನ್ನು ಓದಿಸಲು ಆಕ್ಟಿವ್ ಎಕ್ಸ್ ಎಂಬ ಮೈಕ್ರೋಸಾಫ್ಟ್ ಏರ್ಪಾಡನ್ನು ಆಶ್ರಯಿಸಿದುದರಿಂದ, ಸ್ವಾವಲಂಬನೆಗೆಂದು ಹೊರಟ ರಾಷ್ಟ್ರವು ಎರಡು ದಶಕಗಳಷ್ಟು ಕಾಲ ಒಂದೇ ಪರದೇಶಿ ಬ್ರೌಸರಿಗೆ ಕಟ್ಟುಬಿದ್ದಿತು. ಹಳೆಯ ಪ್ರಮಾಣಪತ್ರಗಳಿಗೆ ಇದ್ದ ವಿಶೇಷ ಸ್ಥಾನವು ಕೊನೆಗೊಂಡುದು 2020ರ ಡಿಸೆಂಬರಿನಲ್ಲಿ.

ವೇಷಕ್ಕೆ ಇನ್ನೊಂದು ಮುಖವುಂಟು; ಅದು ನಾಗರಿಕನ ರಕ್ಷಣೆಗೆ ಬರುವಂಥದು. ಬ್ರೌಸರು ಕೊಡುವ ಹೆಸರು, ಆವೃತ್ತಿ, ಮೊಬೈಲಿನ ಮಾದರಿ, ಪರದೆಯ ಅಳತೆ, ಅಕ್ಷರಶೈಲಿಗಳು ಇವನ್ನೆಲ್ಲ ಕೂಡಿಸಿದರೆ ಬೆರಳಚ್ಚಿನಂಥ ಗುರುತು ಸಿದ್ಧವಾಗುವುದು. ಅಮೆರಿಕೆಯ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸುಮಾರು 4 ಲಕ್ಷ 70 ಸಾವಿರ ಬ್ರೌಸರುಗಳ ಪೈಕಿ ನೂರಕ್ಕೆ 83.6ರಷ್ಟು ಒಂದರಂತೆ ಇನ್ನೊಂದಿಲ್ಲದವಾಗಿದ್ದವು. ಹೆಸರು, ವಿಳಾಸ ಏನನ್ನೂ ಕೇಳದೆಯೇ ಒಬ್ಬನನ್ನು ತಾಣದಿಂದ ತಾಣಕ್ಕೆ ಬೆಂಬತ್ತಲು ಇಷ್ಟು ಸಾಕು. ಮೊಬೈಲಿನ ಮಾದರಿಯಿಂದ ಅದರ ಬೆಲೆಯೂ, ಬೆಲೆಯಿಂದ ಇಟ್ಟುಕೊಂಡವನ ಅಂತಸ್ತೂ ಊಹೆಗೆ ಬರುತ್ತವೆ. ಇದನ್ನು ತಡೆಯಲು 2022 ಮತ್ತು 2023ರಲ್ಲಿ ಕ್ರೋಮ್ ಈ ಸಾಲನ್ನು ಬಡವಾಗಿಸಿತು. ಆಂಡ್ರಾಯ್ಡ್ ಮೊಬೈಲು ಯಾವ ಕಂಪನಿಯದೇ ಇರಲಿ, ಯಾವ ವರ್ಷದ್ದೇ ಇರಲಿ, ಕ್ರೋಮ್ ಅದನ್ನು ‘ಆಂಡ್ರಾಯ್ಡ್ 10, ಕೆ’ ಎಂದೇ ಬರೆಯುತ್ತದೆ. ರಾಯಚೂರಿನ ಸರಾಫನ ದುಬಾರಿ ಮೊಬೈಲಿಗೂ ಮಾನ್ವಿಯ ಹತ್ತಿ ಬಿಡಿಸುವವಳ ಅಗ್ಗದ ಮೊಬೈಲಿಗೂ ಒಂದೇ ಹೆಸರು, ‘ಕೆ’. ಜಾತ್ರೆಯ ಜನಸಂದಣಿಯಲ್ಲಿ ಎಲ್ಲರೂ ಒಂದೇ ಬಣ್ಣದ ರುಮಾಲು ಸುತ್ತಿದರೆ ಬೆಂಬತ್ತಿದವನು ಕೈಚೆಲ್ಲುವನಷ್ಟೆ. ಹೆಚ್ಚಿನ ವಿವರ ಬೇಕಾದ ತಾಣವು ಬೇರೆಯಾಗಿ ಕೇಳಿ ಪಡೆಯುವ ಏರ್ಪಾಡು ಇದೆ. ಆದುದರಿಂದ ಬೇಹು ಪೂರ್ಣವಾಗಿ ನಿಂತಿತೆಂದು ತಿಳಿಯಲಾಗದು.

ಹಾಗಾದರೆ ವೇಷವೆಲ್ಲವೂ ಒಳ್ಳೆಯದೇ ಎಂದು ಅಧಿಕಾರಿಗಳು ಕೇಳಬಹುದು. ಅಲ್ಲ. ಗಣಕದ ಮೂಲಕ ಇನ್ನೊಬ್ಬನಂತೆ ನಟಿಸಿ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಡಿ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆಮನೆಯೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಉಂಟು, ಅದು ಇರಬೇಕಾದುದೇ. ಪುಟಗಳನ್ನು ರಾಶಿರಾಶಿಯಾಗಿ ಹೊತ್ತೊಯ್ಯುವ ಯಂತ್ರಗಳು ಮನುಷ್ಯರ ಬ್ರೌಸರಿನಂತೆ ವೇಷ ಹಾಕುವುದೂ ನಮಗೆ ಸಮ್ಮತವಲ್ಲ. 2025ರ ಆಗಸ್ಟಿನಲ್ಲಿ ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆಯು ಪರ್ಪ್ಲೆಕ್ಸಿಟಿ ಎಂಬ ಕೃತಕ ಬುದ್ಧಿಯ ಸಂಸ್ಥೆಯ ಮೇಲೆ, ಬೇಡವೆಂದ ತಾಣಗಳಿಗೂ ಕ್ರೋಮಿನ ವೇಷದಲ್ಲಿ ಹೋಗುತ್ತಿದೆಯೆಂಬ ಆಪಾದನೆಯನ್ನು ಹೊರಿಸಿತು. ಪರ್ಪ್ಲೆಕ್ಸಿಟಿಯವರು ಅದನ್ನು ಅಲ್ಲಗಳೆದರು. ಆ ವಿವಾದದ ತೀರ್ಪು ಹೇಗೇ ಇರಲಿ, ವಿವೇಕದ ಗೆರೆಯು ಸ್ಪಷ್ಟವಾಗಿದೆ. ತನಗೆ ಸಲ್ಲುವುದನ್ನು ಪಡೆಯಲು ಒಬ್ಬ ನಾಗರಿಕನು ತನ್ನ ಸಾಧನದ ಗುರುತನ್ನು ಮರೆಸುವುದು ಬೇರೆ. ಸಲ್ಲದುದನ್ನು ದೋಚಲು ಸಂಸ್ಥೆಯೊಂದು ನಾಗರಿಕನಂತೆ ನಟಿಸುವುದು ಬೇರೆ. ಹೆಸರೊಂದನ್ನೇ ನಂಬುವ ಕಾವಲುಗಾರನಿಗೆ ಈ ಎರಡರ ಭೇದ ತಿಳಿಯುವುದಿಲ್ಲ. ಅವನು ಬಡವನನ್ನು ತಡೆಯುವನು, ಕಳ್ಳನನ್ನು ಬಿಡುವನು.

ಇನ್ನು ಕೋರಿಕೆಯ ತಲೆಯಲ್ಲಿರುವ ಬೇರೊಂದು ಸಾಲಿನ ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆವು. ಅದಕ್ಕೆ ‘ಅಕ್ಸೆಪ್ಟ್ ಲ್ಯಾಂಗ್ವೇಜ್’ ಎಂದು ಹೆಸರು. ಈತನಿಗೆ ಯಾವ ಭಾಷೆಯಲ್ಲಿ ಪುಟ ಬೇಕು ಎಂಬುದನ್ನು ಬ್ರೌಸರು ಅಲ್ಲಿ ತಿಳಿಸುವುದು. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಸಂಕೇತವುಂಟು. ಆದರೆ ಮೊಬೈಲಿನ ಭಾಷೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟವನ ಬ್ರೌಸರು ಸಾಮಾನ್ಯವಾಗಿ ‘ಈತನಿಗೆ ಇಂಗ್ಲಿಷು ಬೇಕು’ ಎಂದೇ ಬರೆಯುವುದು. ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕನ್ನಡವನ್ನಲ್ಲದೆ ಆಡದ ದೇವದುರ್ಗದ ಒಕ್ಕಲಿಗನು ದಿನಕ್ಕೆ ಹತ್ತು ಸಲ ತನಗೆ ತಿಳಿಯದಂತೆ ಇಂಗ್ಲಿಷರವನಾಗಿ ಹಾಜರಿ ಹಾಕಿಸಿಕೊಳ್ಳುತ್ತಾನೆ. ಬ್ರೌಸರಿನ ವೇಷಗಳಲ್ಲೆಲ್ಲ ನಮಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ವೇಷವಿದು. ಬೇರೆ ವೇಷಗಳನ್ನು ಬ್ರೌಸರು ಹಾಕಿಕೊಂಡಿದೆ. ಇದನ್ನು ನಮಗೆ ತೊಡಿಸಿದೆ. ಹೀಗೆ ಬಂದ ಲೆಕ್ಕವನ್ನು ಮುಂದಿಟ್ಟುಕೊಂಡು ‘ಕನ್ನಡವನ್ನು ಕೇಳುವವರು ಎಷ್ಟು ಜನ?’ ಎನ್ನಲು ಯಾವ ತಾಣದವನಿಗೂ ಕಷ್ಟವಾಗದು.

ರಾಯಚೂರು ಸೀಮೆಯವರಿಗೆ ಇದು ಹೊಸ ಅನುಭವವಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣವೂ ಉರ್ದುವಿನಲ್ಲಿ. ಉರ್ದುವಿನ ಮೇಲೆ ನಮಗೆ ದ್ವೇಷವಿಲ್ಲ. ಅದೂ ರಾಯಚೂರಿನ ಎಷ್ಟೋ ಮನೆಗಳ ಮಾತು. ಆದರೆ ಬಹುಜನರ ನುಡಿಯು ಕಾಗದದಲ್ಲಿ ಕಾಣಿಸದಿದ್ದರೆ ಆ ಜನರೇ ಇಲ್ಲವೆಂಬಂತೆ ಆಡಳಿತವು ನಡೆಯುವುದೆಂಬುದನ್ನು ಈ ನಾಡು ಕಂಡಿದೆ. ಅಂಥ ಕಾಲದಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಜರುಗಿತು. ‘ನಾವು ಇದ್ದೇವೆ’ ಎಂದು ಕನ್ನಡಿಗರು ತೋರಿಸಿಕೊಂಡರು. 1956ರ ನವೆಂಬರ್ 1ರಂದು ಈ ಜಿಲ್ಲೆಯು ಕನ್ನಡ ನಾಡಿನೊಳಗೆ ಸೇರಿತು. 1963ರಲ್ಲಿ ರಾಜಭಾಷಾ ಅಧಿನಿಯಮವು ಬಂದಿತು. ಇಷ್ಟೆಲ್ಲ ನಡೆದ ಮೇಲೆ, ಕಿಸೆಯೊಳಗಿನ ಯಂತ್ರವು ನಮ್ಮನ್ನು ಮತ್ತೊಮ್ಮೆ ಇಲ್ಲದವರ ಪಟ್ಟಿಗೆ ಸೇರಿಸಲು ನಾವೇ ಬಿಟ್ಟುಕೊಡುವುದೇ?

ಕನ್ನಡವೆಂದು ಬರೆಸಿದರೆ ಅದೂ ಒಂದು ಗುರುತಾಗಿ ಬೆಂಬತ್ತುವವರಿಗೆ ನೆರವಾದೀತಲ್ಲವೇ ಎಂಬ ಆಕ್ಷೇಪವು ಬರಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ನೂರು ಜನರಲ್ಲಿ ಒಬ್ಬನೇ ಕನ್ನಡವೆಂದರೆ ಅವನು ಎದ್ದು ಕಾಣುವನು. ತೊಂಬತ್ತು ಜನರು ಅಂದರೆ ಯಾರೂ ಎದ್ದು ಕಾಣರು. ಭಾಷೆಯ ಅಭಿಮಾನವೂ ನಾಗರಿಕನ ಮರೆಯೂ ಇಲ್ಲಿ ಒಂದೇ ದಾರಿಯಲ್ಲಿ ಬರುತ್ತವೆ. ಎರಡಕ್ಕೂ ಸಂಖ್ಯಾಬಲವೇ ಆಧಾರ. ‘ಕನ್ನಡದ ಪುಟ ತೆರೆದರೆ ಅರ್ಥವೇ ಆಗುವುದಿಲ್ಲ’ ಎಂಬ ಇನ್ನೊಂದು ದೂರನ್ನೂ ಸುಶಿಕ್ಷಿತರ ಬಾಯಲ್ಲಿ ಕೇಳುತ್ತೇವೆ. ಅದು ಕನ್ನಡದ ದೋಷವಲ್ಲ, ಆಡುವ ಕನ್ನಡವನ್ನು ಬಿಟ್ಟು ಯಂತ್ರದಿಂದ ಭಾಷಾಂತರಿಸಿ ಅಂಟಿಸುವವರ ದೋಷ. ಓದುವವರು ಹೆಚ್ಚಿದಂತೆ ದೋಷವನ್ನು ಎತ್ತಿ ತೋರಿಸುವವರೂ ಹೆಚ್ಚುವರು.

ನಮ್ಮ ಸೂಚನೆಗಳು ದೊಡ್ಡವಲ್ಲ, ಹಣ ಬೇಡುವಂಥವೂ ಅಲ್ಲ. ಜಿಲ್ಲೆಯ ಮತ್ತು ರಾಜ್ಯದ ಸೇವೆಗಳಿಗಾಗಿ ತಾಣವನ್ನು ಕಟ್ಟಿಸುವ ಅಧಿಕಾರಿಗಳು ಗುತ್ತಿಗೆಯ ಕಾಗದದಲ್ಲಿಯೇ ಒಂದು ಶರತ್ತನ್ನು ಬರೆಯಿಸಲಿ: ಬ್ರೌಸರಿನ ಹೆಸರನ್ನು ನೋಡಿ ಯಾರನ್ನೂ ತಡೆಯಕೂಡದು, ಸಾಮರ್ಥ್ಯವನ್ನು ಪರೀಕ್ಷಿಸಿ, ಸಾಲದಿದ್ದರೆ ಸರಳ ಪುಟವನ್ನು ಕೊಡತಕ್ಕದ್ದು. ತಾಣವನ್ನು ಒಪ್ಪಿಕೊಳ್ಳುವ ಮೊದಲು ಬೆಂಗಳೂರಿನ ಕಂಪ್ಯೂಟರಿನಲ್ಲಿ ಮಾತ್ರವಲ್ಲದೆ ದೇವದುರ್ಗದ ಹಳ್ಳಿಯಲ್ಲಿ, ಅಲ್ಲಿಯ ಮೊಬೈಲಿನಲ್ಲಿ, ಅಲ್ಲಿಯ ನೆಟ್‌ವರ್ಕಿನಲ್ಲಿ ತೆರೆದು ನೋಡಲಿ. ಭಾಷೆಯ ಸಾಲು ಕನ್ನಡವೆಂದಾಗ ಕನ್ನಡದ ಪುಟವೇ ಮೊದಲು ಬರಲಿ. ಇಂಗ್ಲಿಷು ಬೇಕಾದವರು ಆರಿಸಿಕೊಳ್ಳಲಿ. ಸ್ವದೇಶಿ ಬ್ರೌಸರನ್ನು ಕಟ್ಟುವವರು ಕನ್ನಡ ನಾಡಿನಲ್ಲಿ ಅದನ್ನು ಹಂಚುವಾಗ ಇಂಗ್ಲಿಷನ್ನು ಮೊದಲಿಟ್ಟು ಕೊಡದೆ ‘ನಿಮ್ಮ ಭಾಷೆ ಯಾವುದು?’ ಎಂದು ಮೊದಲ ದಿನವೇ ಕೇಳಲಿ. ಇಷ್ಟನ್ನು ಮಾಡಿದರೆ ಅವರ ಸ್ವದೇಶಿತನಕ್ಕೆ ಬೇರೆ ಸಾಕ್ಷಿ ಬೇಕಾಗದು.

ವಾಚಕರ ಪಾಲಿಗೆ ಉಳಿಯುವ ಕೆಲಸವು ಇನ್ನೂ ಸಣ್ಣದು. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಭಾಷೆಯ ಪಟ್ಟಿಯನ್ನು ತೆರೆದು ಕನ್ನಡವನ್ನು ಮೊದಲಿಗೆ ಇಡುವುದಕ್ಕೆ ಕೆಲವು ನಿಮಿಷಗಳು ಸಾಕು. ಮನೆಯ ಹಿರಿಯರ ಮೊಬೈಲಿನಲ್ಲಿಯೂ ಇಟ್ಟುಕೊಡಬಹುದು. ಬ್ರೌಸರು ತನ್ನ ಹೆಸರನ್ನು ಹೇಗಾದರೂ ಹೇಳಿಕೊಳ್ಳಲಿ, ಅದು ಅದರ ಹೊಟ್ಟೆಪಾಡು. ನಮ್ಮ ನುಡಿಯನ್ನು ಮಾತ್ರ ಅದು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಆ ನುಡಿಗೆ ಬಾಗಿಲು ತೆರೆಯುವುದು ಅಧಿಕಾರಿಗಳ ಕೈಯಲ್ಲಿದೆ. ಇಬ್ಬರೂ ತಮ್ಮ ತಮ್ಮ ಪಾಲಿನದನ್ನು ಮಾಡುವರೆಂದು ನಂಬಿದ್ದೇವೆ.